ಸರ್ಕಾರಿ ಜಾಹೀರಾತು, ನಾಯಕರ ಫೋಟೊ, ನಮ್ಮ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ದಿನ ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಸುದ್ದಿ ಸಿಗುವ ಹೊತ್ತಿಗೆ ಎರಡು ಹಾಳೆ ಮಗುಚಿರಬೇಕು. ಮೊದಲ ಪುಟದ ತುಂಬ ಮುಖ್ಯಮಂತ್ರಿಯೋ ಪ್ರಧಾನಿಯೋ ಕೈ ಮುಗಿದು ನಿಂತಿರುತ್ತಾರೆ. ಇದಕ್ಕೆ ನಿಯಮ ಇದೆಯಾ, ದುಡ್ಡು ಯಾರದು, ಕೇಳುವವರು ಯಾರೂ ಇಲ್ವಾ ಅಂತ ಜನ ಕೇಳುತ್ತಲೇ ಇರುತ್ತಾರೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕುರ್ಚಿ ಸಿಕ್ಕ ಮೇಲೆ ಯಾವ ಪಕ್ಷವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ, ಹಾಗಾಗಿ ಎಲ್ಲರ ಹೆಸರೂ ಬರುತ್ತದೆ. ನಿಮ್ಮ ಇಷ್ಟದ ಪಕ್ಷ ಕಂಡರೆ ಬೇಜಾರು ಮಾಡ್ಕೋಬೇಡಿ.

ಸರ್ಕಾರ ಜಾಹೀರಾತು ಕೊಡೋದೇ ತಪ್ಪಾ?

ಖಂಡಿತ ಅಲ್ಲ. ಪೋಲಿಯೊ ಹನಿ ಯಾವತ್ತು, ಬೆಳೆ ವಿಮೆ ಕಟ್ಟಲು ಕೊನೆ ದಿನ ಯಾವುದು, ರೇಷನ್ ಕಾರ್ಡಿಗೆ ಇ-ಕೆವೈಸಿ ಎಲ್ಲಿ ಮಾಡಿಸಬೇಕು, ಇದನ್ನೆಲ್ಲ ಸರ್ಕಾರ ಹೇಳದೆ ಇನ್ಯಾರು ಹೇಳಬೇಕು? ಇಂಥ ಜಾಹೀರಾತು ಇನ್ನೂ ಜಾಸ್ತಿ ಬರಲಿ ಅಂತಲೇ ನಾನು ಹೇಳುವುದು.

ಆದರೆ ಪುಟಪೂರ್ತಿ ಜಾಹೀರಾತೊಂದನ್ನು ಸಮಾಧಾನವಾಗಿ ನೋಡಿ. ಮೇಲೆ ರಾಜ್ಯದ ಲಾಂಛನ. ಎಡಕ್ಕೋ ಬಲಕ್ಕೋ ಸೊಂಟದ ತನಕ ನಾಯಕರ ಫೋಟೊ. ನಡುವೆ ಯೋಜನೆಯ ಹೆಸರು, ದಪ್ಪಕ್ಷರದಲ್ಲಿ ಎಷ್ಟು ಕೋಟಿ, ಎಷ್ಟು ಲಕ್ಷ ಫಲಾನುಭವಿಗಳು. ನಗುತ್ತಿರುವ ಒಬ್ಬ ರೈತ, ಒಬ್ಬ ಅಜ್ಜಿ, ಬ್ಯಾಗ್ ಹಾಕಿಕೊಂಡ ಒಬ್ಬ ಹುಡುಗಿ. ಅರ್ಜಿ ಎಲ್ಲಿ ಹಾಕಬೇಕು, ಯಾವ ದಾಖಲೆ ಬೇಕು, ಹಣ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು? ಇದ್ದರೆ ಕೆಳಗಡೆ, ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ. ಎಷ್ಟೋ ಸಲ ಅದೂ ಇರುವುದಿಲ್ಲ. ಯೋಜನೆ ಜಾರಿಗೆ ಬಂದು ವರ್ಷ ಕಳೆದಿದೆ, ಹಣ ಪಡೆಯುವವರಿಗೆ ಅದು ಗೊತ್ತೇ ಇದೆ. ಮತ್ತೆ ಈ ಜಾಹೀರಾತು ಯಾರಿಗೆ ಏನು ತಿಳಿಸುತ್ತಿದೆ? ಹಕ್ಕಿನಿಂದ ಬಂದದ್ದನ್ನು ಒಬ್ಬರು ಕೈ ಎತ್ತಿ ಕೊಟ್ಟ ಹಾಗೆ ತೋರಿಸುವುದೇ ಅದರ ಕೆಲಸ.

ಇದು ಸರ್ಕಾರದ ದುಡ್ಡಾ, ಪಕ್ಷದ ದುಡ್ಡಾ ಅಂತ ಗೊತ್ತಾಗೋದು ಹೇಗೆ?

ಜಾಹೀರಾತಿನ ಅಂಚು ನೋಡಿ. ರಾಜ್ಯ ಸರ್ಕಾರದ್ದಾದರೆ ಸಾಮಾನ್ಯವಾಗಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಹೆಸರೋ, ಯೋಜನೆ ನಡೆಸುವ ಇಲಾಖೆಯ ಹೆಸರೋ ಇರುತ್ತದೆ. ಕೇಂದ್ರದ್ದಾದರೆ ಮೂಲೆಯಲ್ಲಿ 'ಸಿಬಿಸಿ' ಎಂದು ಶುರುವಾಗುವ ಒಂದು ಉದ್ದದ ನಂಬರ್ ಇರುತ್ತದೆ. ಕೇಂದ್ರದ ಜಾಹೀರಾತು ನೋಡಿಕೊಳ್ಳುವ, ಹಿಂದೆ ಡಿಎವಿಪಿ ಅಂತಿದ್ದ ಸಂಸ್ಥೆಯನ್ನು 2017ರಲ್ಲಿ ಬೇರೆ ಘಟಕಗಳ ಜೊತೆ ಸೇರಿಸಿದರು. ಅದೇ ಈಗ ಸೆಂಟ್ರಲ್ ಬ್ಯೂರೊ ಆಫ್ ಕಮ್ಯುನಿಕೇಷನ್, ಅಂದರೆ ಸಿಬಿಸಿ. ಪಕ್ಷದ ಚಿಹ್ನೆ ಇದ್ದರೆ ಅದು ಪಕ್ಷದ ಖರ್ಚು, ಅಥವಾ ಆಗಿರಬೇಕು. ಹುಟ್ಟುಹಬ್ಬದ ಫ್ಲೆಕ್ಸುಗಳು ಅಭಿಮಾನಿಗಳದ್ದು, ಆ ಕಥೆಯೇ ಬೇರೆ.

ನಾಯಕರ ಫೋಟೊ ಹಾಕೋದಕ್ಕೆ ಕಾನೂನು ಇದೆಯಾ?

ಸಂಸತ್ತು ಮಾಡಿದ ಕಾನೂನು ಇಲ್ಲ. ಸುಪ್ರೀಂ ಕೋರ್ಟಿನ ಮಾರ್ಗಸೂಚಿ ಇದೆ.

'ಕಾಮನ್ ಕಾಸ್' ಎಂಬ ಸಂಸ್ಥೆ 2003ರಲ್ಲೇ ಕೋರ್ಟಿಗೆ ಹೋಗಿತ್ತು. ತೆರಿಗೆ ಹಣದಲ್ಲಿ ಆಳುವ ಪಕ್ಷದ ಪ್ರಚಾರ ನಡೆಯುತ್ತಿದೆ, ಇದಕ್ಕೊಂದು ಕಡಿವಾಣ ಹಾಕಿ ಎಂಬುದು ಅದರ ಬೇಡಿಕೆ. ಹನ್ನೊಂದು ವರ್ಷ ಕಳೆದ ಮೇಲೆ, 2014ರ ಏಪ್ರಿಲ್‌ನಲ್ಲಿ ಕೋರ್ಟು ಮೂವರ ಸಮಿತಿ ಮಾಡಿತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕಟ್ಟಿದ ಎನ್.ಆರ್. ಮಾಧವ ಮೆನನ್ ಅದರಲ್ಲಿದ್ದರು. ಸಮಿತಿಯ ವರದಿ ನೋಡಿ 2015ರ ಮೇ 13ರಂದು ಕೋರ್ಟು ತೀರ್ಪು ಕೊಟ್ಟಿತು. ಜಾಹೀರಾತು ಸರ್ಕಾರದ ಕೆಲಸಕ್ಕೆ ಸಂಬಂಧಪಟ್ಟಿರಬೇಕು. ಪಕ್ಷಕ್ಕೆ ಲಾಭ ಮಾಡಿಕೊಡುವಂತಿರಬಾರದು. ಪಕ್ಷದ ಚಿಹ್ನೆ, ಬಾವುಟ ಬೇಡ. ವಿರೋಧ ಪಕ್ಷವನ್ನು ಬೈಯುವುದು ಬೇಡ. ಖರ್ಚಿಗೆ ತಕ್ಕ ಕಾರಣ ಇರಬೇಕು.

ಫೋಟೊ ವಿಷಯದಲ್ಲಿ ತೀರ್ಪು ಬಲು ಖಡಕ್ಕಾಗಿತ್ತು. ರಾಷ್ಟ್ರಪತಿ, ಪ್ರಧಾನಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಈ ಮೂವರದ್ದು ಮಾತ್ರ. ಅದೂ ಅವರೇ ಒಪ್ಪಿದರೆ. ಗಾಂಧೀಜಿ ಥರದವರ ಜಯಂತಿಗೆ ಅವರ ಫೋಟೊ ಹಾಕಬಹುದು. ಮುಖ್ಯಮಂತ್ರಿಗಳಿಲ್ಲ, ಮಂತ್ರಿಗಳಿಲ್ಲ. ಒಬ್ಬಿಬ್ಬರ ಸುತ್ತ ವ್ಯಕ್ತಿಪೂಜೆ ಬೆಳೆಸುವುದು ಪ್ರಜಾಪ್ರಭುತ್ವಕ್ಕೆ ನೇರ ವಿರುದ್ಧ ಎಂಬುದು ಕೋರ್ಟು ಕೊಟ್ಟ ಕಾರಣ.

ಹಾಗಾದ್ರೆ ಮುಖ್ಯಮಂತ್ರಿಗಳ ಫೋಟೊ ವಾಪಸ್ ಬಂದಿದ್ದು ಹೇಗೆ?

ಇದರಲ್ಲಿ ನಮ್ಮ ರಾಜ್ಯದ್ದೂ ಪಾಲಿದೆ. ಸಣ್ಣ ಪಾಲಲ್ಲ.

ತೀರ್ಪನ್ನು ಮರುಪರಿಶೀಲಿಸಿ ಎಂದು ಅರ್ಜಿ ಹಾಕಿದವರಲ್ಲಿ ಕರ್ನಾಟಕ ಸರ್ಕಾರವೂ ಇತ್ತು. ಪಶ್ಚಿಮ ಬಂಗಾಳ, ತಮಿಳುನಾಡು, ಕೇಂದ್ರ ಸರ್ಕಾರ ಕೂಡ ಕೇಳಿದ್ದವು. ಕಾಂಗ್ರೆಸ್, ತೃಣಮೂಲ, ಅಣ್ಣಾಡಿಎಂಕೆ, ಬಿಜೆಪಿ, ಎಲ್ಲರೂ ಒಂದೇ ಸಾಲಿನಲ್ಲಿ. ಬೇರೆ ಯಾವ ವಿಷಯಕ್ಕೆ ಇವರು ಹೀಗೆ ಒಟ್ಟಾಗಿದ್ದರು ಅಂತ ನೀವೇ ಯೋಚಿಸಿ. ಕಾನೂನು ವರದಿಗಳಲ್ಲಿ ಆ ಮೊಕದ್ದಮೆಯ ಹೆಸರೇ 'ಕರ್ನಾಟಕ ರಾಜ್ಯ ವಿರುದ್ಧ ಕಾಮನ್ ಕಾಸ್' ಅಂತ ದಾಖಲಾಗಿದೆ.

ರಾಜ್ಯಗಳ ವಾದದಲ್ಲಿ ಹುರುಳಿಲ್ಲದೇ ಇರಲಿಲ್ಲ. ಪ್ರಧಾನಿ ಫೋಟೊ ಹಾಕಬಹುದು, ಮುಖ್ಯಮಂತ್ರಿ ಫೋಟೊ ಹಾಕಬಾರದು ಅಂದರೆ ಒಕ್ಕೂಟ ವ್ಯವಸ್ಥೆಯಲ್ಲಿ ಅದು ಯಾವ ನ್ಯಾಯ? ಇಬ್ಬರೂ ಜನರಿಂದ ಆರಿಸಿ ಬಂದ ಸರ್ಕಾರದ ಮುಖ್ಯಸ್ಥರು. ಮೂಲ ತೀರ್ಪು ಪ್ರಧಾನಿಗೆ ವಿನಾಯಿತಿ ಕೊಟ್ಟು ತನಗೆ ತಾನೇ ತೊಡಕು ಮಾಡಿಕೊಂಡಿತ್ತು. ಯಾರ ಫೋಟೊವೂ ಬೇಡ ಎಂದಿದ್ದರೆ ಈ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. 2016ರ ಮಾರ್ಚ್ 18ರಂದು ಕೋರ್ಟು ರಾಜ್ಯಪಾಲರಿಗೂ ಮುಖ್ಯಮಂತ್ರಿಗಳಿಗೂ ಬಾಗಿಲು ತೆರೆಯಿತು.

ಉಪಮುಖ್ಯಮಂತ್ರಿ, ಇಲಾಖೆ ಮಂತ್ರಿ, ಸ್ಥಳೀಯ ಶಾಸಕ, ಎಲ್ಲರ ಫೋಟೊ ಸಾಲಾಗಿ ಇರುತ್ತಲ್ಲ?

2016ರ ಆದೇಶವನ್ನು ಓದಿದರೆ ಅಚ್ಚರಿಯಾಗುತ್ತದೆ. ಪ್ರಧಾನಿಯ ಫೋಟೊ ಬದಲಿಗೆ ಆ ಇಲಾಖೆಯ ಮಂತ್ರಿಯದ್ದು ಹಾಕಬಹುದು. ರಾಜ್ಯಗಳಲ್ಲಿ ಮುಖ್ಯಮಂತ್ರಿಯ ಬದಲಿಗೆ ಇಲಾಖೆಯ ಮಂತ್ರಿಯದ್ದು. ಜೊತೆಗೆ ಅಂತ ಎಲ್ಲೂ ಹೇಳಿಲ್ಲ. ಅಕ್ಷರಶಃ ತೆಗೆದುಕೊಂಡರೆ ಮುಖ್ಯಮಂತ್ರಿ ಇದ್ದ ಕಡೆ ಮಂತ್ರಿ ಇರುವಂತಿಲ್ಲ. ಉಪಮುಖ್ಯಮಂತ್ರಿ ಎಂಬ ಹುದ್ದೆ ಸಂವಿಧಾನದಲ್ಲೇ ಇಲ್ಲ, ಅವರು ಫೋಟೊಕ್ಕೆ ಬರುವುದಾದರೆ ತಮ್ಮ ಇಲಾಖೆಯ ಮಂತ್ರಿಯಾಗಿ ಮಾತ್ರ ಬರಬೇಕು. ಈಗ ಇವತ್ತಿನ ಪತ್ರಿಕೆಯ ಜಾಹೀರಾತಿನಲ್ಲಿ ಎಷ್ಟು ತಲೆ ಇವೆ ಎಣಿಸಿ ನೋಡಿ. ಸಮ್ಮಿಶ್ರ ಸರ್ಕಾರವಾದರಂತೂ ಯಾರ ಮುಖ ಎಷ್ಟು ದೊಡ್ಡದು ಎಂಬುದರಲ್ಲೇ ಮೈತ್ರಿಯ ಆರೋಗ್ಯ ಗೊತ್ತಾಗುತ್ತದೆ.

ನಿಯಮ ಮೀರಿದರೆ ದುಡ್ಡು ವಾಪಸ್ ಕಟ್ಟಬೇಕಾ?

ದೊಡ್ಡದಾಗಿ ನಡೆದದ್ದು ದೆಹಲಿಯಲ್ಲಿ. ಆಮ್ ಆದ್ಮಿ ಪಕ್ಷದ ಸರ್ಕಾರ 2015-16ರ ಬಜೆಟ್‌ನಲ್ಲಿ ಪ್ರಚಾರಕ್ಕೆ 526 ಕೋಟಿ ರೂಪಾಯಿ ಇಟ್ಟಿತ್ತು. ದೆಹಲಿಯ ಯೋಜನೆಗಳ ಜಾಹೀರಾತು ದೆಹಲಿಯ ಹೊರಗಿನ ಪತ್ರಿಕೆಗಳಲ್ಲೂ ಬಂತು. ದೆಹಲಿಯ ಶಾಲೆಗೆ ಹೊಸ ಕೊಠಡಿ ಬಂದರೆ ಬೇರೆ ರಾಜ್ಯದ ಓದುಗನಿಗೆ ಏನಾಗಬೇಕು? ಅವನು ಆ ಶಾಲೆಗೆ ಮಗುವನ್ನು ಸೇರಿಸುವುದಿಲ್ಲ. ಆದರೆ ಮುಂದೆ ಅವನ ರಾಜ್ಯದಲ್ಲಿ ಚುನಾವಣೆ ಬರುತ್ತದೆ.

ಕೋರ್ಟಿನ ಆದೇಶದಂತೆ 2016ರಲ್ಲಿ ಕೇಂದ್ರ ನೇಮಿಸಿದ ಮೂವರ ಸಮಿತಿ ಇದನ್ನು ತಪ್ಪೆಂದಿತು. 2017ರಲ್ಲಿ ಲೆಫ್ಟಿನೆಂಟ್ ಗವರ್ನರ್ ಪಕ್ಷದಿಂದ 97 ಕೋಟಿ ವಸೂಲಿ ಮಾಡಿ ಎಂದರು. 2023ರ ಜನವರಿಯಲ್ಲಿ ಬಡ್ಡಿ ಸೇರಿಸಿ 163.62 ಕೋಟಿಗೆ ನೋಟಿಸ್ ಹೋಯಿತು. ಪಕ್ಷ ಇದನ್ನು ರಾಜಕೀಯ ದ್ವೇಷ ಎಂದಿತು. ಬಿಜೆಪಿ ರಾಜ್ಯಗಳ ಜಾಹೀರಾತೂ ದೆಹಲಿ ಪತ್ರಿಕೆಗಳಲ್ಲಿ ಬರುತ್ತದಲ್ಲ, ಅವರಿಗೆ ಯಾಕೆ ನೋಟಿಸ್ ಇಲ್ಲ ಎಂದು ಕೇಳಿತು. ಆ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಹಾಗಂತ ದೆಹಲಿಯ ಖರ್ಚು ಸರಿ ಅಂತಲೂ ಆಗುವುದಿಲ್ಲ. ಅದೇ ವರ್ಷ ಜುಲೈನಲ್ಲಿ, ಪ್ರಾದೇಶಿಕ ರೈಲು ಯೋಜನೆಗೆ ಕೊಡಲು ಹಣವಿಲ್ಲ ಎಂದ ದೆಹಲಿ ಸರ್ಕಾರಕ್ಕೆ ಸುಪ್ರೀಂ ಕೋರ್ಟು ಜಾಹೀರಾತಿನ ಲೆಕ್ಕ ಕೇಳಿತು. ಮೂರು ವರ್ಷಕ್ಕೆ 1,073 ಕೋಟಿ ಎಂಬ ಲೆಕ್ಕ ಬಂತು. ಜಾಹೀರಾತಿಗೆ ಹಣ ಇದ್ದರೆ ರೈಲಿಗೂ ಇರಬೇಕು ಎಂದು ಕೋರ್ಟು ಹೇಳಿತು.

ಬದುಕಿರುವ ನಾಯಕರ ಹೆಸರನ್ನೇ ಯೋಜನೆಗೆ ಇಡಬಹುದಾ?

ಸದ್ಯಕ್ಕೆ ಇಡಬಹುದು. 2025ರಲ್ಲಿ ತಮಿಳುನಾಡಿನ 'ಉಂಗಳುಡನ್ ಸ್ಟಾಲಿನ್' ಕಾರ್ಯಕ್ರಮದ ಮೇಲೆ ಅಣ್ಣಾಡಿಎಂಕೆ ಸಂಸದರೊಬ್ಬರು ಮದ್ರಾಸ್ ಹೈಕೋರ್ಟಿಗೆ ಹೋದರು. ಬದುಕಿರುವವರ ಹೆಸರು ಬಳಸಬೇಡಿ ಎಂದು ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಒಂದೇ ವಾರದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಎಲ್ಲ ರಾಜ್ಯಗಳಲ್ಲೂ ನಾಯಕರ ಹೆಸರಿನ ಯೋಜನೆಗಳಿವೆ, ಒಂದನ್ನೇ ಆರಿಸಿಕೊಂಡು ಬಂದಿದ್ದೀರಿ ಎಂದು ಅರ್ಜಿದಾರರಿಗೆ 10 ಲಕ್ಷ ದಂಡ ಹಾಕಿತು. ಅಣ್ಣಾಡಿಎಂಕೆ ಕಾಲದಲ್ಲಿ ಕ್ಯಾಂಟೀನು, ಉಪ್ಪು, ನೀರಿನ ಬಾಟಲಿಗೆಲ್ಲ 'ಅಮ್ಮ' ಎಂದು ಹೆಸರಿಟ್ಟದ್ದನ್ನು ನೆನೆಸಿಕೊಂಡರೆ ನಗು ಬರದೇ ಇರದು.

ತೀರಿಕೊಂಡವರ ಹೆಸರಾದರೆ ಸರಿ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಬೆಂಗಳೂರಿನ ಇಂದಿರಾ ಕ್ಯಾಂಟೀನ್ ನೋಡಿ. 2017ರ ಆಗಸ್ಟ್‌ನಲ್ಲಿ ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಒಳ್ಳೆಯ ಕೆಲಸ. ಆದರೆ ಆ ಹೆಸರು ಯಾವ ಪಕ್ಷವನ್ನು ನೆನಪಿಸುತ್ತದೆ ಎಂಬುದು ಇಡ್ಲಿ ತಿನ್ನಲು ನಿಂತ ಆಟೊ ಚಾಲಕನಿಗೂ ಗೊತ್ತು, ಹೆಸರಿಟ್ಟವರಿಗೂ ಗೊತ್ತು.

ಸರ್ಕಾರ ಬದಲಾದಾಗ ಹಳೇ ಫೋಟೊ ಇರುವ ಸಾಮಾನು ಏನು ಮಾಡ್ತಾರೆ?

ಹೆಚ್ಚಾಗಿ ಗೋದಾಮಿನಲ್ಲಿ ಕೊಳೆಯುತ್ತದೆ, ಇಲ್ಲಾ ಮೇಲೆ ಹೊಸ ಸ್ಟಿಕ್ಕರ್ ಬೀಳುತ್ತದೆ. ಒಂದು ಒಳ್ಳೆಯ ಉದಾಹರಣೆಯೂ ಇದೆ. 2021ರಲ್ಲಿ ಸ್ಟಾಲಿನ್ ಮುಖ್ಯಮಂತ್ರಿಯಾದಾಗ ಜಯಲಲಿತಾ ಮತ್ತು ಪಳನಿಸ್ವಾಮಿ ಫೋಟೊ ಅಚ್ಚಾಗಿದ್ದ ಲಕ್ಷಾಂತರ ಶಾಲಾ ಬ್ಯಾಗು ಸಿದ್ಧವಾಗಿದ್ದವು. ಬದಲಾಯಿಸಲು ಸುಮಾರು 13 ಕೋಟಿ ಬೇಕಿತ್ತು. ಹಾಗೇ ಹಂಚಿ, ಆ ಹಣ ಮಕ್ಕಳಿಗೇ ಖರ್ಚಾಗಲಿ ಎಂದರು. ಅದರಿಂದ ಅವರಿಗೆ ಸಿಕ್ಕ ಹೆಸರು ಯಾವ ಪುಟಪೂರ್ತಿ ಜಾಹೀರಾತಿನಿಂದಲೂ ಸಿಗುತ್ತಿರಲಿಲ್ಲ.

ಲಸಿಕೆ ಸರ್ಟಿಫಿಕೇಟಿನಲ್ಲಿ ಪ್ರಧಾನಿ ಫೋಟೊ ಇತ್ತಲ್ಲ, ಅದು ಕೋರ್ಟಿಗೆ ಹೋಗಿತ್ತಾ?

ಹೋಗಿತ್ತು. ಕೇರಳದ ಒಬ್ಬರು, ನಾನು ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡ ಲಸಿಕೆಗೆ ಪ್ರಧಾನಿ ಫೋಟೊ ಯಾಕೆ ಎಂದು ಕೇಳಿದರು. 2021ರ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟು ಅರ್ಜಿ ವಜಾ ಮಾಡಿ ಒಂದು ಲಕ್ಷ ದಂಡ ಹಾಕಿತು. ಮೇಲ್ಮನವಿಯಲ್ಲೂ ಸೋತರು, ದಂಡ ಮಾತ್ರ 25 ಸಾವಿರಕ್ಕೆ ಇಳಿಯಿತು. ಪ್ರಶ್ನೆ ಕೇಳಿದ್ದಕ್ಕೆ ದಂಡ ಬೇಕಿತ್ತಾ ಎಂಬುದು ನನ್ನ ತಕರಾರು. ಫೋಟೊ ತಪ್ಪಲ್ಲ ಅನ್ನಬಹುದು, ಪ್ರಶ್ನೆಯೇ ತಪ್ಪು ಅನ್ನುವುದು ಬೇರೆ.

ಪ್ರಧಾನಿ ಫೋಟೊ ಬೇಡ ಎಂದ ಛತ್ತೀಸ್‌ಗಢ, ಪಶ್ಚಿಮ ಬಂಗಾಳ ಸರ್ಕಾರಗಳು ತಾವು ಖರೀದಿಸಿದ ಲಸಿಕೆಯ ಸರ್ಟಿಫಿಕೇಟಿನಲ್ಲಿ ಏನು ಹಾಕಿದವು ಗೊತ್ತಾ? ತಮ್ಮ ಮುಖ್ಯಮಂತ್ರಿಗಳ ಫೋಟೊ.

ಚುನಾವಣೆ ಘೋಷಣೆಯಾದ ಮೇಲೆ ಇದೆಲ್ಲ ನಿಲ್ಲುತ್ತಾ?

ಹೆಚ್ಚು ಕಮ್ಮಿ ನಿಲ್ಲುತ್ತದೆ. ಮಾದರಿ ನೀತಿಸಂಹಿತೆಯಲ್ಲಿ ಆಳುವ ಪಕ್ಷಕ್ಕೆಂದೇ ಒಂದು ಭಾಗ ಇದೆ, ಅದನ್ನು 1979ರಲ್ಲಿ ಸೇರಿಸಿದರು. ಸರ್ಕಾರಿ ಖರ್ಚಿನ ಜಾಹೀರಾತು ಬೇಡ, ಸರ್ಕಾರಿ ಮಾಧ್ಯಮವನ್ನು ಪಕ್ಷಕ್ಕೆ ಬಳಸಬೇಡಿ ಎಂದು ಅದು ಹೇಳುತ್ತದೆ. ಘೋಷಣೆಯಾದ ದಿನ ಸಂಜೆಯೇ ನಿಮ್ಮ ತಾಲ್ಲೂಕು ಕಚೇರಿ ಮುಂದೆ ಸಿಬ್ಬಂದಿ ಏಣಿ ಹಾಕಿ ಬೋರ್ಡಿಗೆ ಕಾಗದ ಅಂಟಿಸುತ್ತಿರುತ್ತಾರೆ. ಬಸ್ ಹಿಂಭಾಗದ ಫೋಟೊ ಕೀಳುತ್ತಾರೆ. ಉದ್ಘಾಟನೆಯ ಕಲ್ಲಿಗೆ ಬಟ್ಟೆ ಕಟ್ಟುತ್ತಾರೆ.

ಇದು ವಿಪರೀತಕ್ಕೆ ಹೋದದ್ದೂ ಉಂಟು. 2012ರ ಜನವರಿಯಲ್ಲಿ ಉತ್ತರ ಪ್ರದೇಶದಲ್ಲಿ ಮಾಯಾವತಿ ಮತ್ತು ಆನೆಯ ಪ್ರತಿಮೆಗಳನ್ನು ಮುಚ್ಚಿ ಎಂದು ಚುನಾವಣಾ ಆಯೋಗ ಹೇಳಿತು. ಆನೆ ಅವರ ಪಕ್ಷದ ಚಿಹ್ನೆ. ಲಖನೌ, ನೋಯ್ಡಾ ಪಾರ್ಕುಗಳಲ್ಲಿ ಕಲ್ಲಿನ ಆನೆಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದರು. ಸೊಂಡಿಲು, ಕಿವಿ ಆಕಾರ ಹಾಗೇ ಕಾಣುತ್ತಿತ್ತು. ಆ ಪಾರ್ಕಿಗೆ ಕಾಲಿಡದವರೂ ಟಿವಿಯಲ್ಲಿ ಆನೆ ನೋಡಿದರು.

ಫೋನಿಗೆ ಕಾಗದ ಅಂಟಿಸಲು ಆಗುವುದಿಲ್ಲ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಆಮೇಲೂ ಜನರ ವಾಟ್ಸಾಪಿಗೆ 'ವಿಕಸಿತ ಭಾರತ ಸಂಪರ್ಕ' ಎಂಬ ಹೆಸರಲ್ಲಿ ಪ್ರಧಾನಿಯ ಪತ್ರ ಬರುತ್ತಿತ್ತು. ಮಾರ್ಚ್ 21ಕ್ಕೆ ಆಯೋಗ ನಿಲ್ಲಿಸಿ ಎಂದಿತು. ಕಳಿಸಿದ್ದು ಮುಂಚೆಯೇ, ನೆಟ್‌ವರ್ಕ್‌ನಿಂದ ತಲುಪಿದ್ದು ತಡವಾಯಿತು ಎಂದು ಐಟಿ ಸಚಿವಾಲಯ ಉತ್ತರ ಕೊಟ್ಟಿತು.

ಘೋಷಣೆಗೆ ಮುಂಚಿನ ತಿಂಗಳಲ್ಲೇ ಜಾಸ್ತಿ ಬರುತ್ತಲ್ಲ?

ಅಲ್ಲೇ ತೂತು ಇರುವುದು. 2014ರಲ್ಲಿ ಕೋರ್ಟು ಮಾಡಿದ್ದ ಮೆನನ್ ಸಮಿತಿ, ಚುನಾವಣೆ ಹತ್ತಿರ ಬಂದಾಗ ಜಾಹೀರಾತಿಗೆ ತಡೆ ಇರಲಿ ಎಂದಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಪಕ್ಷಪಾತದ ಜಾಹೀರಾತೇ ಇಲ್ಲದಿದ್ದರೆ ಬೇರೆ ತಡೆ ಯಾಕೆ ಎಂಬ ಧಾಟಿ. ಕಾಗದದ ಮೇಲೆ ಸರಿ. ನೆಲದ ಮೇಲೆ, ಯಾವಾಗ ಘೋಷಣೆ ಬರಬಹುದು ಎಂಬ ಅಂದಾಜು ಎಲ್ಲ ಸರ್ಕಾರಕ್ಕೂ ಇರುತ್ತದೆ. ಆ ಒಂದೆರಡು ತಿಂಗಳು ಶಂಕುಸ್ಥಾಪನೆ, ಉದ್ಘಾಟನೆ, ಫಲಾನುಭವಿಗಳ ಸಮಾವೇಶ ಎಲ್ಲ ಒಟ್ಟಿಗೆ ನುಗ್ಗುತ್ತವೆ. ಫೋಟೊ ಎಷ್ಟು ದೊಡ್ಡದು ಎಂದು ಜಗಳ ಆಡುವುದಕ್ಕಿಂತ ಈ ಕೊನೆಯ ಮೂರು ತಿಂಗಳ ಖರ್ಚಿಗೆ ಮಿತಿ ಹಾಕಿದ್ದರೆ ಹೆಚ್ಚು ಉಪಯೋಗ ಆಗುತ್ತಿತ್ತು ಎಂಬುದು ನನ್ನ ಲೆಕ್ಕ.

ಕೆನಡಾದ ಒಂಟಾರಿಯೊ ಪ್ರಾಂತ್ಯ ಇನ್ನೊಂದು ದಾರಿ ಹಿಡಿದಿತ್ತು. 2004ರ ಕಾನೂನಿನಂತೆ ಸರ್ಕಾರದ ಜಾಹೀರಾತು ಪ್ರಕಟವಾಗುವ ಮೊದಲೇ ಆಡಿಟರ್ ಜನರಲ್ ನೋಡಿ ಒಪ್ಪಬೇಕಿತ್ತು. ಪಕ್ಷದ ವಾಸನೆ ಬಂದರೆ ತಡೆಯಬಹುದಿತ್ತು. 2015ರಲ್ಲಿ ಆಗಿನ ಸರ್ಕಾರ ಆ ಅಧಿಕಾರವನ್ನು ತೆಳುವಾಗಿಸಿತು.

ಇಷ್ಟೆಲ್ಲ ಪ್ರಚಾರ ಮಾಡಿದರೆ ಜನ ನಂಬಿಬಿಡ್ತಾರಾ?

ಯಾವಾಗಲೂ ಇಲ್ಲ. 2004ರ 'ಇಂಡಿಯಾ ಶೈನಿಂಗ್' ನೆನಪಿದೆಯಾ? ವಾಜಪೇಯಿ ಸರ್ಕಾರದ ಅಷ್ಟು ದೊಡ್ಡ ಪ್ರಚಾರದ ನಂತರ ಎನ್‌ಡಿಎ ಸೋತಿತು. ಹೊಳಪು ನೋಡಿದವರು ತಮ್ಮ ಹೊಲ ನೋಡಿಕೊಂಡರು.

ನಷ್ಟ ಆಗುವುದು ಬೇರೆ ಕಡೆ. 'ಬೇಟಿ ಬಚಾವೊ ಬೇಟಿ ಪಢಾವೊ' ಯೋಜನೆಯ ಲೆಕ್ಕವನ್ನು ಸಂಸದೀಯ ಸಮಿತಿಯೊಂದು 2021ರಲ್ಲಿ ತೆಗೆಯಿತು. 2016ರಿಂದ 2019ರವರೆಗೆ ಬಿಡುಗಡೆಯಾದ 446.72 ಕೋಟಿಯಲ್ಲಿ ಶೇ 78.91ರಷ್ಟು ಮಾಧ್ಯಮ ಪ್ರಚಾರಕ್ಕೇ ಹೋಗಿತ್ತು. ಮನಸ್ಸು ಬದಲಾಯಿಸುವುದೇ ಆ ಯೋಜನೆಯ ಗುರಿ, ಹಾಗಾಗಿ ಪ್ರಚಾರ ಬೇಕಿತ್ತು ನಿಜ. ಆದರೆ ಹೆಣ್ಣುಮಕ್ಕಳ ಓದಿಗೆ, ಆರೋಗ್ಯಕ್ಕೆ ಉಳಿದದ್ದು ಎಷ್ಟು ಎಂದು ಸಮಿತಿ ಕೇಳಿದ್ದೂ ನ್ಯಾಯವೇ.

ಪತ್ರಿಕೆಗಳು, ಟಿವಿಗಳು ಇದನ್ನು ಯಾಕೆ ಬರೆಯೋದಿಲ್ಲ?

ಇಡೀ ವಿಷಯದ ತಿರುಳು ಇದು. ಫೋಟೊ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಬೈಯುತ್ತಾರೆ. ಆ ಜಾಹೀರಾತು ಯಾವ ಪತ್ರಿಕೆಗೆ ಹೋಯಿತು, ಯಾವುದಕ್ಕೆ ಹೋಗಲಿಲ್ಲ ಎಂಬುದು ಓದುಗರಿಗೆ ಕಾಣುವುದಿಲ್ಲ. ಅಭಿಪ್ರಾಯ ರೂಪಿಸುವ ನಿಜವಾದ ಕೆಲಸ ನಡೆಯುವುದು ಅಲ್ಲಿ.

ಪತ್ರಿಕೆಯ ಮುದ್ರಣ ಖರ್ಚು ನೀವು ಕೊಡುವ ಐದಾರು ರೂಪಾಯಿಯಲ್ಲಿ ಹುಟ್ಟುವುದಿಲ್ಲ. ಜಾಹೀರಾತಿನಿಂದ ಹುಟ್ಟಬೇಕು. ಜಿಲ್ಲಾ ಮಟ್ಟದ ಪತ್ರಿಕೆಗಳ ಪಾಡು ನೋಡಿ. ಊರಲ್ಲಿ ದೊಡ್ಡ ಕಂಪನಿ ಇಲ್ಲ. ಬಟ್ಟೆ ಅಂಗಡಿ, ಚಿನ್ನದ ಅಂಗಡಿ ಹಬ್ಬಕ್ಕೊಂದು ಕೊಟ್ಟರೆ ಹೆಚ್ಚು. ಉಳಿದದ್ದು ಟೆಂಡರ್ ಪ್ರಕಟಣೆ, ಇಲಾಖೆಗಳ ಜಾಹೀರಾತು, ಮಂತ್ರಿ ಬಂದಾಗಿನ ಸ್ವಾಗತದ ಜಾಹೀರಾತು. ಸರ್ಕಾರದ ಮಾಧ್ಯಮ ಪಟ್ಟಿಯಲ್ಲಿ ಹೆಸರಿದ್ದರೆ ಜಾಹೀರಾತು ಸಿಗುತ್ತದೆ. ಬಿಲ್ಲು ಬರಲು ತಿಂಗಳುಗಟ್ಟಲೆ ಆಗುತ್ತದೆ. ಬಾಕಿ ಇರುವ ಬಿಲ್ಲೇ ಒಂದು ಲಗಾಮು. ಮೂರು ಲಕ್ಷ ಬರಬೇಕಾಗಿರುವ ಕಚೇರಿಯ ಮುಖ್ಯಸ್ಥನ ಬಗ್ಗೆ ಖಾರವಾಗಿ ಬರೆಯಲು ಸಂಪಾದಕನಿಗೆ ಎದೆಗಾರಿಕೆ ಬೇಕು. ಹಲವರಿಗೆ ಇದೆ. ಆದರೆ ಸಂಬಳ ಕೊಡುವ ದಿನ ಎಲ್ಲರಿಗೂ ತಿಂಗಳಿಗೊಮ್ಮೆ ಬರುತ್ತದೆ.

ಇದಕ್ಕೆ ಯಾರೂ ಫೋನ್ ಮಾಡಿ ಬೆದರಿಸಬೇಕಿಲ್ಲ. ಮುಂದಿನ ಜಾಹೀರಾತು ಬರದಿದ್ದರೆ ಸಾಕು, ಅರ್ಥ ಆಗುತ್ತದೆ. ಕಾಶ್ಮೀರದಲ್ಲಿ 2019ರ ಫೆಬ್ರವರಿಯಲ್ಲಿ 'ಗ್ರೇಟರ್ ಕಾಶ್ಮೀರ್', 'ಕಾಶ್ಮೀರ್ ರೀಡರ್' ಎಂಬ ಎರಡು ಪತ್ರಿಕೆಗಳಿಗೆ ಸರ್ಕಾರಿ ಜಾಹೀರಾತು ನಿಂತಿತು. ಕಾರಣ ಬರೆದು ಕೊಡಲಿಲ್ಲ. ಮಾರ್ಚ್ 10ರಂದು ಅಲ್ಲಿನ ಪತ್ರಿಕೆಗಳು ಮೊದಲ ಪುಟವನ್ನು ಖಾಲಿ ಬಿಟ್ಟು ಪ್ರತಿಭಟಿಸಿದವು. ಸುದ್ದಿ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಹಾಳೆ, ಜೊತೆಗೆ ಎರಡು ಸಾಲಿನ ಒಕ್ಕಣೆ. ಅದೇ ವರ್ಷ ಜೂನ್‌ನಲ್ಲಿ, ಮೂರು ದೊಡ್ಡ ಇಂಗ್ಲಿಷ್ ಪತ್ರಿಕಾ ಸಮೂಹಗಳಿಗೆ ಕೇಂದ್ರದ ಜಾಹೀರಾತು ನಿಂತಿದೆ ಎಂದು ಲೋಕಸಭೆಯಲ್ಲೇ ವಿರೋಧ ಪಕ್ಷದವರು ಎತ್ತಿದರು.

ಯಾವ ಪತ್ರಿಕೆಗೆ ಎಷ್ಟು ಎಂಬ ಪಟ್ಟಿಯನ್ನು ಸರ್ಕಾರ ತಿಂಗಳು ತಿಂಗಳು ತಾನಾಗೇ ಪ್ರಕಟಿಸಬೇಕು. ಫೋಟೊ ಬೇಕಾದರೆ ಇನ್ನೂ ನಾಲ್ಕು ಹಾಕಿಕೊಳ್ಳಲಿ, ನನಗೆ ಅಷ್ಟು ತಲೆಬಿಸಿ ಇಲ್ಲ.

ನಾಯಕರು ರೇಡಿಯೊದಲ್ಲಿ ನೇರವಾಗಿ ಜನರ ಜೊತೆ ಮಾತಾಡೋದೂ ಇದೇ ಥರದ್ದಾ?

ಪೂರ್ತಿ ಅಲ್ಲ. ಅಮೆರಿಕದಲ್ಲಿ 1933ರ ಮಾರ್ಚ್ 12, ಭಾನುವಾರ ರಾತ್ರಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ರೇಡಿಯೊದಲ್ಲಿ ಕೂತು ಬ್ಯಾಂಕುಗಳನ್ನು ಯಾಕೆ ಮುಚ್ಚಿಸಿದೆ, ಯಾವ ಕ್ರಮದಲ್ಲಿ ತೆರೆಯುತ್ತೇವೆ ಎಂದು ಸರಳವಾಗಿ ಹೇಳಿದರು. ಮರುದಿನ ಬ್ಯಾಂಕು ತೆರೆಯತೊಡಗಿದಾಗ ಜನ ಹಣ ತೆಗೆಯುವ ಬದಲು ವಾಪಸ್ ಕಟ್ಟಿದರು. ಅಧಿಕಾರದ ಮಾತಿಗೆ ಅಂಥ ಶಕ್ತಿ ಇದೆ, ಅದು ಒಳ್ಳೆಯದಕ್ಕೂ ಬಳಕೆಯಾಗುತ್ತದೆ.

ಪ್ರಧಾನಿ ಮೋದಿ ಅವರ 'ಮನ್ ಕಿ ಬಾತ್' 2014ರ ಅಕ್ಟೋಬರ್ 3, ವಿಜಯದಶಮಿ ದಿನ ಶುರುವಾಯಿತು. ತಿಂಗಳ ಕೊನೆಯ ಭಾನುವಾರ ಬೆಳಗ್ಗೆ 11ಕ್ಕೆ ಬರುತ್ತದೆ. ಬೈಗುಳ ಇಲ್ಲ, ಪಕ್ಷದ ಮಾತು ಕಡಿಮೆ. ಸ್ವಚ್ಛತೆ, ಪರೀಕ್ಷೆ, ಊರಿನ ಸಾಧಕರು, ಇಂಥವು. ಕೇಳಲು ಹಿತ. ಚುನಾವಣೆ ಹೊತ್ತಿಗೆ ನಿಲ್ಲಿಸುತ್ತಾರೆ ಕೂಡ, 2024ರಲ್ಲಿ ಮೂರು ತಿಂಗಳು ಬಿಡುವು ಕೊಟ್ಟಿದ್ದರು. ನನ್ನ ತಕರಾರು ಕಾರ್ಯಕ್ರಮದ ಮೇಲಲ್ಲ. ರೂಸ್‌ವೆಲ್ಟ್ ರೇಡಿಯೊದಲ್ಲಿ ಮಾತಾಡಿದ್ದರ ಜೊತೆಗೆ ಪತ್ರಕರ್ತರನ್ನು ವಾರ ವಾರ ಎದುರು ಕೂರಿಸಿಕೊಳ್ಳುತ್ತಿದ್ದರು. ಇಲ್ಲಿ ಆ ಇನ್ನೊಂದು ಅರ್ಧ ಕಾಣೆಯಾಗಿದೆ. 2019ರ ಮೇ ತಿಂಗಳ ಪತ್ರಿಕಾಗೋಷ್ಠಿಯಲ್ಲಿ ಪ್ರಧಾನಿ ಕೂತಿದ್ದರು, ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ಪಕ್ಕದಲ್ಲಿದ್ದ ಅಮಿತ್ ಶಾ.

ಯೂಟ್ಯೂಬ್, ರೀಲ್ಸ್ ಮಾಡುವವರಿಗೂ ಸರ್ಕಾರ ದುಡ್ಡು ಕೊಡುತ್ತಾ?

ಈಗ ಕೊಡುತ್ತದೆ. ಉತ್ತರ ಪ್ರದೇಶ 2024ರ ಆಗಸ್ಟ್‌ನಲ್ಲಿ ತಂದ ನೀತಿಯಲ್ಲಿ ಯೂಟ್ಯೂಬ್‌ನವರಿಗೆ ತಿಂಗಳಿಗೆ 8 ಲಕ್ಷದವರೆಗೆ ಸಿಗಬಹುದು. ಕರ್ನಾಟಕವೂ ಅದೇ ವರ್ಷ ಡಿಜಿಟಲ್ ಜಾಹೀರಾತಿಗೆ ಮಾರ್ಗಸೂಚಿ ತಂದಿತು. ಪತ್ರಿಕೆಯಲ್ಲಿ ಜಾಹೀರಾತಿಗೆ ಗೆರೆ ಹಾಕಿ ಬೇರೆ ಮಾಡಿರುತ್ತಾರೆ. ನಿಮಗಿಷ್ಟದ ಹುಡುಗನೊಬ್ಬ ಊಟದ ವಿಡಿಯೊ ನಡುವೆ ಯೋಜನೆಯೊಂದನ್ನು ಹೊಗಳಿದರೆ ಆ ಗೆರೆ ಎಲ್ಲಿ?

ನಮ್ಮೂರ ಉದ್ಘಾಟನೆ ಕಾರ್ಡಿನಲ್ಲಿ ನಲವತ್ತು ಹೆಸರು ಯಾಕಿರುತ್ತೆ?

ಶಿಷ್ಟಾಚಾರ, ಸ್ವಾಮಿ. ಉದ್ಘಾಟನೆ ಮಂತ್ರಿಗಳು, ಅಧ್ಯಕ್ಷತೆ ಶಾಸಕರು, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು. ಒಂದು ಹೆಸರು ಮೇಲೆ ಕೆಳಗಾದರೆ ವೇದಿಕೆಯಲ್ಲೇ ಜಗಳ, ಪಾಪದ ಅಧಿಕಾರಿಗೆ ನೋಟಿಸ್. ಚರಂಡಿ ಕೆಲಸ ಮಾಡಿದ ಎಂಜಿನಿಯರ್ ಹೆಸರು, ಖರ್ಚಾದ ಮೊತ್ತ, ಎಷ್ಟು ವರ್ಷ ಬಾಳಿಕೆ ಬರಬೇಕು ಎಂಬುದು ಆ ಕಲ್ಲಿನ ಮೇಲೆ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಎಷ್ಟು ಖರ್ಚಾಗಿದೆ ಅಂತ ನಾನೇ ಕೇಳಬಹುದಾ?

ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ದಾಟಬಾರದು. ಆನ್‌ಲೈನ್‌ನಲ್ಲೂ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ವಿಳಾಸ ಬೆಂಗಳೂರಿನ ವಾರ್ತಾ ಸೌಧದಲ್ಲಿರುವ ವಾರ್ತಾ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿ.

'ಪ್ರಚಾರಕ್ಕೆ ಎಷ್ಟು ಖರ್ಚು' ಅಂತ ಬರೀ ಸಗಟಾಗಿ ಕೇಳಬೇಡಿ, ಒಂದು ಮೊತ್ತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಇಂಥ ಯೋಜನೆಯ ಜಾಹೀರಾತಿಗೆ, ಪತ್ರಿಕೆವಾರು ಮತ್ತು ದಿನಾಂಕವಾರು ಬಿಡುಗಡೆ ಆದೇಶದ ಪ್ರತಿ, ಮೊತ್ತ, ಯಾವ ಲೆಕ್ಕ ಶೀರ್ಷಿಕೆಯಿಂದ ಪಾವತಿಯಾಯಿತು, ಇಷ್ಟು ಕೇಳಿ. ಕೊನೆಯದನ್ನು ಮರೀಬೇಡಿ. ಎಷ್ಟೋ ಜಾಹೀರಾತಿನ ಹಣ ನಿಗಮ, ಮಂಡಳಿ, ಬೇರೆ ಇಲಾಖೆಗಳ ಜೇಬಿನಿಂದ ಹೋಗಿರುತ್ತದೆ. ವಾರ್ತಾ ಇಲಾಖೆಯ ಅಂಕಿ ಮಾತ್ರ ನೋಡಿದರೆ ಅರ್ಧ ಚಿತ್ರವೂ ಸಿಗುವುದಿಲ್ಲ. ಅವರಿಗೂ ಒಂದೊಂದು ಅರ್ಜಿ ಹಾಕಬೇಕು.

ದೂರು ಕೊಡೋದು ಯಾರಿಗೆ?

ಕೇಂದ್ರದ ಜಾಹೀರಾತಾದರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದಡಿ ಇರುವ, ಸರ್ಕಾರಿ ಜಾಹೀರಾತಿನ ವಿಷಯ ನಿಯಂತ್ರಣ ಸಮಿತಿಗೆ. ರಾಜ್ಯದ್ದಾದರೆ ರಾಜ್ಯ ಮಟ್ಟದ ಸಮಿತಿಗೆ, ಕರ್ನಾಟಕದಲ್ಲೂ ಅಂಥ ಸಮಿತಿ ರಚನೆಯಾಗಿದೆ. ಜಾಹೀರಾತಿನ ಪೂರ್ತಿ ಪುಟ, ಪತ್ರಿಕೆಯ ಹೆಸರು, ದಿನಾಂಕ ಕಾಣುವ ಹಾಗೆ ಇಟ್ಟುಕೊಳ್ಳಿ. ಕತ್ತರಿಸಿದ ತುಂಡು ಕಳಿಸಿದರೆ ಉಪಯೋಗ ಇಲ್ಲ. ಯಾವ ನಿಯಮ ಮುರಿದಿದೆ ಎಂದು ಒಂದು ಸಾಲಿನಲ್ಲಿ ಬರೆಯಿರಿ: ಪಕ್ಷದ ಬಾವುಟವಾ, ವಿರೋಧಿಗಳ ಟೀಕೆಯಾ, ಆದೇಶದಲ್ಲಿ ಇಲ್ಲದವರ ಫೋಟೊನಾ.

ಚುನಾವಣೆ ಸಮಯದಲ್ಲಿ ಮಾತ್ರ ಸಿ-ವಿಜಿಲ್ ಆ್ಯಪ್ ಇದೆ. ಅಲ್ಲೇ ನಿಂತು ಫೋಟೊ ಅಥವಾ ವಿಡಿಯೊ ತೆಗೆದು ಕಳಿಸಬೇಕು, ಫೋನಿನಲ್ಲಿ ಮೊದಲೇ ಇದ್ದ ಫೋಟೊ ನಡೆಯುವುದಿಲ್ಲ. 100 ನಿಮಿಷದಲ್ಲಿ ಕ್ರಮ ಆಗಬೇಕು ಎಂಬುದು ಆಯೋಗದ ಗುರಿ. ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಆಮೇಲೆ ಏನಾಯಿತು ಎಂದು ಆ್ಯಪಿನಲ್ಲಿ ನೋಡಬೇಕಾದರೆ ಫೋನ್ ನಂಬರ್ ಕೊಟ್ಟೇ ದೂರು ಹಾಕಬೇಕು.